ಕ್ಯಾನ್ಸರ್ ಇರುವವರಿಗೆ ಬೆನ್ನುನೋವು, ಕಾಲಿಗೆ ಬಲ ಇಲ್ಲ: ಕಾಯಬಹುದಾ?

ಪ್ರಶ್ನೆ: ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಕೆಲವು ದಿನಗಳಿಂದ ಬೆನ್ನಿನ ಮಧ್ಯದಲ್ಲಿ ನೋವು. ನಿನ್ನೆಯಿಂದ ಮೆಟ್ಟಿಲು ಹತ್ತುವಾಗ ಕಾಲು ಕುಸಿಯುತ್ತಿದೆ. ಮುಂದಿನ ವಾರ ಹೇಗೂ ಚೆಕಪ್ ಇದೆ. ಅಲ್ಲಿವರೆಗೆ ಎಣ್ಣೆ ತಿಕ್ಕಿ ನೋಡೋಣ ಅಂತಾರೆ ಅಮ್ಮ. ಅನುಭವ ಇದ್ದವರು ಹೇಳಿ.

ಉತ್ತರ 1: ಕಾಯಬೇಡಿ, ಇವತ್ತೇ ಹೊರಡಿ. ಗೆಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಇತ್ತು. ಮೊದಲು ಬಂದಿದ್ದು ಎದೆಯ ಸುತ್ತ ಪಟ್ಟಿ ಬಿಗಿದಂಥ ನೋವು. ಕೆಮ್ಮಿದರೆ, ಮಲಗಿದರೆ ಜಾಸ್ತಿ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಆಮೇಲೆ ಚಪ್ಪಲಿ ಕಾಲಿನಿಂದ ಜಾರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಡೀ ಬೆನ್ನಿನ ಎಂಆರ್‌ಐ ಮಾಡಿಸಿದರು. ನೋವಿರುವ ಜಾಗದ್ದು ಮಾತ್ರ ಮಾಡಿದರೆ ಸಾಲದು, ಒತ್ತಡ ಎರಡು ಮೂರು ಕಡೆ ಇರಬಹುದು. ಎಕ್ಸ್‌ರೇ ಸರಿ ಇದೆ ಅಂದರೂ ನಂಬಿ ಕೂರಬೇಡಿ. ಕಾಲಿನ ಬಲ ಕುಗ್ಗಿದ್ದರೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕು ಅಂತ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಹೇಳುತ್ತದೆ. ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಾಧ್ಯತೆ ಜಾಸ್ತಿ. ಪೂರ್ತಿ ಬಲ ಹೋದ ಮೇಲೆ ವಾಪಸ್ ಬರುವುದು ಕಷ್ಟ. ಅತ್ತೆ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ.

ಉತ್ತರ 2: ಎಣ್ಣೆ ತಿಕ್ಕುವುದು, ಬೆನ್ನು ಎಳೆಸುವುದು ಬೇಡವೇ ಬೇಡ. ಮೂಳೆ ಸವೆದಿದ್ದರೆ ಅಪಾಯ. ಬೈಕ್, ಆಟೋ ಕೂಡ ಬೇಡ. 108ಕ್ಕೆ ಫೋನ್ ಮಾಡಿ, ಮಲಗಿಸಿಕೊಂಡೇ ಹೋಗಿ. ಮಗ್ಗುಲು ಬದಲಿಸುವಾಗ ಭುಜ, ಸೊಂಟ, ಕಾಲು ಒಟ್ಟಿಗೆ ತಿರುಗಲಿ.

ಉತ್ತರ 3: ಮೂತ್ರ ಸರಿಯಾಗಿ ಹೋಗುತ್ತಿದೆಯಾ ಕೇಳಿ. ಗಂಡಸರು ಇದನ್ನು ಮಕ್ಕಳ ಹತ್ತಿರ ಹೇಳುವುದಿಲ್ಲ, ಅಮ್ಮನ ಕೈಲೇ ಕೇಳಿಸಿ. ಕಟ್ಟಿಕೊಂಡಿದ್ದರೆ, ಕೂರುವ ಜಾಗ ಜೋಮು ಹಿಡಿದಂತಿದ್ದರೆ, ಕ್ಯಾಶುಯಾಲ್ಟಿಯಲ್ಲಿ ಅದನ್ನೇ ಮೊದಲು ಹೇಳಿ. ನಮ್ಮ ದೊಡ್ಡಪ್ಪನಿಗೂ ಪ್ರಾಸ್ಟೇಟೇ. ಮೊದಲು ಸ್ಟೀರಾಯ್ಡ್ ಕೊಟ್ಟರು, ಆಮೇಲೆ ರೇಡಿಯೇಷನ್. ಕೆಲವರಿಗೆ ಒಂದೇ ಸಲ 8 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕೊಡುತ್ತಾರೆ, ಕೆಲವರಿಗೆ 5 ಸಲ ಸೇರಿ 20 ಗ್ರೇ. ಬೆನ್ನುಮೂಳೆ ಗಟ್ಟಿಯಿಲ್ಲದಿದ್ದರೆ ಆಪರೇಷನ್ ಬೇಕಾಗಬಹುದು. ಸ್ಪೈನ್ ಸರ್ಜನ್ ಹತ್ತಿರವೂ ತೋರಿಸಿ ಅಂತ ನೀವೇ ಕೇಳಿ, ಸುಮ್ನೆ ಇರಬೇಡಿ.

ಪ್ರಶ್ನೆ ಕೇಳಿದವರು: ಆಂಬುಲೆನ್ಸ್ ಬರುತ್ತಿದೆ. ಅಪ್ಪನಿಗೆ ಶುಗರ್ ಇದೆ. ಸ್ಟೀರಾಯ್ಡ್ ಕೊಡಬಹುದಾ?

ಉತ್ತರ 3: ಕೊಡುತ್ತಾರೆ, ಆದರೆ ಮೊದಲೇ ಹೇಳಿ. ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂ ಇರುತ್ತದೆ, ಶುಗರ್ ಏರಿಯೇ ಏರುತ್ತದೆ. ದೊಡ್ಡಪ್ಪನಿಗೆ ಇನ್ಸುಲಿನ್ ಹಾಕಬೇಕಾಯಿತು. ನಿದ್ದೆಯೂ ಕೆಟ್ಟಿತ್ತು. ಮನೆಗೆ ಬಂದ ಮೇಲೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಲೆಕ್ಕದಲ್ಲೇ ಇಳಿಸಿ. ಹಳೆಯ ಸ್ಕ್ಯಾನ್‌ಗಳ ಸಿಡಿ, ಮಾತ್ರೆ ಚೀಟಿ ಜೊತೆಗಿರಲಿ. ಪೇಸ್‌ಮೇಕರ್ ಇದ್ದರೆ ಎಂಆರ್‌ಐನವರಿಗೆ ತಿಳಿಸಿ.