ಬೆಳಿಗ್ಗೆ ಮಾತ್ರ ಆರಂಭವಾಗದ ಕಂಪ್ಯೂಟರ್, ಕೇಬಲ್ ಕಿತ್ತು ಹಾಕಿದರೆ ದಿನವಿಡೀ ಸರಿ

ದನಿಪೆಟ್ಟಿಗೆ (ಪ್ರಶ್ನೆ)

ನಮಸ್ಕಾರ. ಮೂರು ವಾರಗಳಿಂದ ಬೆಳಿಗ್ಗೆ ಎದ್ದು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚುವುದೇ ನನ್ನ ಮೊದಲ ಕೆಲಸವಾಗಿದೆ. ಈಗಂತೂ ತಿರುಪು ಹಾಕುವುದನ್ನೇ ಬಿಟ್ಟಿದ್ದೇನೆ. ತಗಡು ಗೋಡೆಗೆ ಒರಗಿಕೊಂಡು ನಿಂತಿದೆ.

ನಾನು ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತೇನೆ. ಒಂಬತ್ತು ವರ್ಷಗಳ ಓದು, 640ಕ್ಕೂ ಹೆಚ್ಚು ಅಧ್ಯಾಯಗಳು, ಎಲ್ಲವೂ 2 ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿವೆ. ವಿಂಡೋಸ್ 10 ಇರುವುದು ಬೇರೆ, ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗಗಳಿಲ್ಲದ ಚಿಪ್ಪಿನ ಡಿಸ್ಕ್). ಹಾಗಾಗಿ ಪರದೆ ಕಪ್ಪಾದಾಗಲೆಲ್ಲ ನನಗೆ ದಿಗಿಲಾಗುವುದು ಯಂತ್ರದ ಬಗ್ಗೆ ಅಲ್ಲ, ಆ ದೊಡ್ಡ ಡಿಸ್ಕಿನ ಬಗ್ಗೆ.

ಬೆಳಿಗ್ಗೆ ಗುಂಡಿ ಒತ್ತಿದಾಗ ಫ್ಯಾನ್ ಎರಡು ಸೆಕೆಂಡು ತಿರುಗಿ ನಿಂತುಬಿಡುತ್ತದೆ. ನಾನು ಏನೂ ಮಾಡದೆ ಸುಮ್ಮನಿದ್ದರೆ ತಾನಾಗಿಯೇ ಮತ್ತೆ ತಿರುಗತೊಡಗುತ್ತದೆ. ಮದರ್‌ಬೋರ್ಡಿನ (ಯಂತ್ರದ ಮುಖ್ಯ ಫಲಕದ) ಲಾಂಛನ ಕಾಣಿಸಿ, ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ (ಮರು ಆರಂಭಿಸಿ ಸರಿಯಾದ ಡಿಸ್ಕನ್ನು ಆರಿಸಿ) ಎಂದು ಬರುತ್ತದೆ. ಅಲ್ಲಿಗೆ ನಿಂತಿತು. ಎಷ್ಟು ಸಲ ಮರು ಆರಂಭಿಸಿದರೂ ಅದೇ ಸಾಲು.

ಆಗ ಯಂತ್ರವನ್ನು ಆಫ್ ಮಾಡಿ ದೊಡ್ಡ ಡಿಸ್ಕಿನ ಕೇಬಲ್ ಕಿತ್ತು ಆರಂಭಿಸುತ್ತೇನೆ. ವಿಂಡೋಸ್ ಬರುತ್ತದೆ. ಮತ್ತೆ ಆಫ್ ಮಾಡಿ ಕೇಬಲ್ ಸಿಕ್ಕಿಸಿ ಆರಂಭಿಸಿದರೆ ಆಗಲೂ ಬರುತ್ತದೆ, ಡಿಸ್ಕೂ ಕಾಣುತ್ತದೆ! ಅಲ್ಲಿಂದ ರಾತ್ರಿಯವರೆಗೆ ಹತ್ತು ಸಲ ಮರು ಆರಂಭಿಸಿದರೂ ತಕರಾರಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಂತೆ.

ಕೇಬಲ್ ಸಡಿಲವಾಗಿರಬೇಕೆಂದು ಎರಡು ಸಲ ಹೊಸ ಕೇಬಲ್ ಹಾಕಿದೆ. ರ‍್ಯಾಮ್ ತೆಗೆದು ಒರೆಸಿ ಕೂರಿಸಿದೆ. ಫ್ಯಾನಿನ ಧೂಳು ತೆಗೆದೆ. ಇನ್ನೊಂದು ಸಣ್ಣ ಸಂಗತಿ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ತಿಳಿಯದು: ವಿಂಡೋಸ್ ಬಂದ ಮೊದಲ ಕೆಲವು ನಿಮಿಷ ಯಾವ ಜಾಲತಾಣ ತೆರೆದರೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ, ಆಮೇಲೆ ಸರಿಹೋಗುತ್ತದೆ.

ಒಂದು ತಿಂಗಳ ಹಿಂದೆ ಸಿಡಿಲಿನ ಭಯದಿಂದ ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುವ ಅಭ್ಯಾಸ ಮಾಡಿಕೊಂಡೆ. ಇಷ್ಟು ಜೋಪಾನ ಮಾಡಿದ ಮೇಲೆಯೇ ಡಿಸ್ಕ್ ಕೆಡಬೇಕೇ ಎಂದು ಸಂಕಟವಾಗುತ್ತದೆ. ದಯವಿಟ್ಟು ದಾರಿ ತೋರಿಸಿ.

ಕಡತಪಾಲಕ

ಉಳಿದದ್ದೆಲ್ಲ ಆಮೇಲೆ. ಯಂತ್ರ ಈಗ ನಡೆಯುತ್ತಿದ್ದರೆ ಆ 640 ಅಧ್ಯಾಯಗಳನ್ನು ಇವತ್ತೇ ಮತ್ತೊಂದು ಡಿಸ್ಕಿಗೆ ನಕಲಿಸಿ. ಒಂದೇ ಕಡೆ ಇರುವ ಕಡತವನ್ನು ಇದೆ ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಕಲು ಮುಗಿದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಮೂರು ಸಾಲು ಮುಖ್ಯ. 05 ಎಂಬುದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ, ಅಂದರೆ ಡಿಸ್ಕಿನ ಸಣ್ಣ ತುಣುಕುಗಳ, ಲೆಕ್ಕ. ಸಿ5 ಎಂಬುದು ಓದಲು ತಡವರಿಸುತ್ತಿರುವ ಸೆಕ್ಟರುಗಳ ಲೆಕ್ಕ. ಸಿ7 ಎಂಬುದು ಕೇಬಲಿನಲ್ಲಿ ಮಾಹಿತಿ ಸಾಗುವಾಗ ಆದ ದೋಷಗಳ ಲೆಕ್ಕ. ಕೇಬಲ್ ನಿಜವಾಗಿಯೂ ಸಡಿಲವಿದ್ದರೆ ಕೊನೆಯದರಲ್ಲಿ ಅಂಕಿ ಏರಿರುವ ಸಾಧ್ಯತೆ ಹೆಚ್ಚು. ಒಮ್ಮೆ ಏರಿದ ಆ ಅಂಕಿ ಹೊಸ ಕೇಬಲ್ ಹಾಕಿದ ಮೇಲೂ ಇಳಿಯುವುದಿಲ್ಲ, ಆದ್ದರಿಂದ ಹಳೆಯ ದೋಷದ ಗುರುತೂ ಸಿಗುತ್ತದೆ.

ಹೊಸಪುಟ

ನನಗೆ ವಿಂಡೋಸನ್ನು ಆರಂಭಿಸುವ ಬೂಟ್ ಕಡತವೇ ಕೆಟ್ಟಂತೆ ತೋರುತ್ತದೆ. ಪೆನ್‌ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ಹಾಕಿಬಿಡಿ, ಅರ್ಧ ದಿನದಲ್ಲಿ ಮುಗಿಯುತ್ತದೆ.

ಬೆಸುಗೆ

ಎರಡು ಸೆಕೆಂಡು ತಿರುಗಿ ನಿಲ್ಲುವುದನ್ನು ಓದಿದ ಕೂಡಲೇ ನನ್ನ ಕಣ್ಣು ಪವರ್ ಸಪ್ಲೈ, ಅಂದರೆ ಯಂತ್ರಕ್ಕೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆಯ ಕಡೆ ಹೋಯಿತು. ಹಳೆಯದಾದಂತೆ ಅದರೊಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ಒಣಗುತ್ತವೆ. ತಣ್ಣಗಿರುವಾಗ ಅವುಗಳ ಒಳರೋಧ ಹೆಚ್ಚು, ಬಿಸಿಯಾದರೆ ಕಡಿಮೆ. ಬೆಳಿಗ್ಗೆ ಹಟ ಮಾಡಿ ಮಧ್ಯಾಹ್ನ ಸುಮ್ಮನಾಗುವ ಪವರ್ ಸಪ್ಲೈಗಳನ್ನು ಬೇಕಾದಷ್ಟು ಬಿಚ್ಚಿದ್ದೇನೆ. ಮಲ್ಟಿಮೀಟರ್ ಇದ್ದರೆ ಯಂತ್ರ ನಡೆಯುತ್ತಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಇದೆಯೇ ನೋಡಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ದನಿಪೆಟ್ಟಿಗೆ

ನಕಲು ಶುರುಮಾಡಿದ್ದೇನೆ. ಇನ್ನೂ ಆರು ಗಂಟೆ ಬೇಕೆಂದು ತೋರಿಸುತ್ತಿದೆ, ಅದರ ಎದುರಿನಿಂದ ಏಳಲು ಮನಸ್ಸಿಲ್ಲ.

ದೊಡ್ಡ ಡಿಸ್ಕಿನಲ್ಲಿ 05, ಸಿ5, ಸಿ7 ಮೂರೂ ಸೊನ್ನೆ. ಎಸ್‌ಎಸ್‌ಡಿಯ ಆರೋಗ್ಯವೂ ‘ಉತ್ತಮ’ ಎಂದಿದೆ. ಹಳದಿ ತಂತಿಯಲ್ಲಿ 12.08, ಕೆಂಪಿನಲ್ಲಿ 5.03. ಎಲ್ಲವೂ ಸರಿಯಿದೆ ಎನ್ನುವುದೇ ನನ್ನ ಕಳವಳವನ್ನು ಹೆಚ್ಚಿಸಿದೆ.

ತಿರುಪುಳಿ

ದನಿಪೆಟ್ಟಿಗೆ ಅವರೇ, ಮೊದಲನೆಯದಾಗಿ ವಿಂಡೋಸನ್ನು ಹೊಸದಾಗಿ ಹಾಕಬೇಡಿ. ಬೂಟ್ ಕಡತ ಕೆಟ್ಟಿದ್ದರೆ ಹತ್ತು ನಿಮಿಷದ ನಂತರ ಅದೇ ಕಡತದಿಂದ ಯಂತ್ರ ಹೇಗೆ ಎದ್ದೀತು? ಎರಡು ಡಿಸ್ಕ್ ಇರುವ ಯಂತ್ರದಲ್ಲಿ ದಿಗಿಲಿನ ನಡುವೆ ವಿಂಡೋಸ್ ಹಾಕಲು ಹೋಗಿ ತಪ್ಪು ಡಿಸ್ಕನ್ನು ಅಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ನಿಮ್ಮ ಒಂಬತ್ತು ವರ್ಷದ ದನಿ ಹಾಗೆ ಹೋಗಬಾರದು.

ಎರಡನೆಯದು, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರ ಇದೆ. ಸಂಬಂಧ ಇದೆಯೋ ಇಲ್ಲವೋ ಎಂದು ನೀವು ಸಂಕೋಚದಿಂದ ಬರೆದ ಸಾಲು, ಮತ್ತು ಗೋಡೆಯ ಸ್ವಿಚ್ಚಿನ ಸಾಲು. ಇವೆರಡನ್ನೂ ಬರೆಯದಿದ್ದರೆ ನಾನೂ ಪವರ್ ಸಪ್ಲೈ ಎಂದೇ ಹೇಳುತ್ತಿದ್ದೆನೇನೋ.

ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಸೆಲ್ ಇದೆ, ಸಿಆರ್2032. ಗಡಿಯಾರವನ್ನು ನಡೆಸುವುದು, ಸೆಟಪ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗುಗಳ ಪುಟಗಳಲ್ಲಿ) ಉಳಿಸಿದ್ದನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಆದರೆ ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತು ಆ ಕೆಲಸಕ್ಕೆ ಸೆಲ್ ಬೇಕಿಲ್ಲ. ಯಂತ್ರ ಆಫ್ ಆಗಿದ್ದರೂ ಪವರ್ ಸಪ್ಲೈನಿಂದ 5 ವೋಲ್ಟಿನ ಒಂದು ಎಳೆ ಬೋರ್ಡಿಗೆ ಬರುತ್ತಲೇ ಇರುತ್ತದೆ. ನಿಮ್ಮ ಸೆಲ್ ಎಂದೋ ಸೊರಗಿದೆ. ಸ್ವಿಚ್ ಸದಾ ಹಾಕಿದ್ದರಿಂದ ಅದು ನಿಮಗೆ ಗೊತ್ತಾಗಲಿಲ್ಲ. ಸಿಡಿಲಿಗೆ ಹೆದರಿ ಸ್ವಿಚ್ ಆರಿಸತೊಡಗಿದಾಗ ರಾತ್ರಿಯ ಭಾರವೆಲ್ಲ ಆ ಮುದಿ ಸೆಲ್ಲಿನ ಮೇಲೆ ಬಿತ್ತು. ಜೋಪಾನ ಮಾಡಿದ್ದರಿಂದ ಏನೂ ಕೆಡಲಿಲ್ಲ, ಮೊದಲೇ ಕೆಟ್ಟಿದ್ದು ಹೊರಗೆ ಬಂತು ಅಷ್ಟೇ.

ಈಗ ನಿಮ್ಮ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕ ಎಂಬುದೊಂದಿದೆ, ನಿಮ್ಮ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ವಿಂಡೋಸ್ ಅಂತರಜಾಲದಿಂದ ಸಮಯ ತಂದುಕೊಂಡ ಮೇಲೆ ಒಪ್ಪುತ್ತದೆ. ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗುವುದೂ ಇದರದೇ ಭಾಗ: ಉಳಿಸಿದ ಸೆಟ್ಟಿಂಗ್ ಕಳೆದುಕೊಂಡ ಎಷ್ಟೋ ಬೋರ್ಡುಗಳು ತಮ್ಮನ್ನು ಹೊಸದಾಗಿ ಹೊಂದಿಸಿಕೊಳ್ಳಲು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ.

ಇನ್ನು ನಿಮ್ಮನ್ನು ಮೂರು ವಾರ ಕಾಡಿದ ಕೇಬಲ್. ಸೆಟ್ಟಿಂಗ್ ಹೋದ ಮೇಲೆ ಬೋರ್ಡ್ ಡಿಸ್ಕುಗಳನ್ನು ತಾನೇ ಸಾಲಾಗಿ ನಿಲ್ಲಿಸುತ್ತದೆ, ಸಾಮಾನ್ಯವಾಗಿ ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಸಿಕ್ಕಿಸುವ ಸಾಟಾ ಕಿಂಡಿಯ ಸಂಖ್ಯೆಯ ಪ್ರಕಾರ. ದೊಡ್ಡ ಡಿಸ್ಕ್ ಮೊದಲ ಕಿಂಡಿಯಲ್ಲಿರಬೇಕು. ಅದರಲ್ಲಿ ವಿಂಡೋಸ್ ಇಲ್ಲ, ಆದ್ದರಿಂದ ಆ ಬಿಳಿ ಅಕ್ಷರದ ಸಾಲು. ನೀವು ಅದನ್ನು ಕಿತ್ತು ಆರಂಭಿಸಿದಾಗ ಎಸ್‌ಎಸ್‌ಡಿ ಒಂದೇ ಉಳಿದು ಸಾಲಿನ ತಲೆಗೆ ಬರುತ್ತದೆ, ಬೋರ್ಡ್ ಹಾಗೆಯೇ ಬರೆದುಕೊಳ್ಳುತ್ತದೆ. ಮರಳಿ ಸಿಕ್ಕಿಸಿದ ದೊಡ್ಡ ಡಿಸ್ಕ್ ಹೊಸಬನಂತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಸಂಜೆಯವರೆಗೆ ಸುಖ. ರಾತ್ರಿ ಸ್ವಿಚ್ ಆರಿಸಿದಿರಿ, ಸಾಲು ಅಳಿಸಿಹೋಯಿತು.

ಒಂದು ಮಾತು ಕೇಳಬೇಕು. ಕೇಬಲ್ ಕೀಳುವಾಗ ಗೋಡೆಯ ಸ್ವಿಚ್ ಆರಿಸುತ್ತಿದ್ದಿರಾ? ಆರಿಸುತ್ತಿದ್ದರೆ ಆ ಸಾಲು ಆಗಲೇ ಅಳಿಸಿಹೋಗಬೇಕಿತ್ತು.

ಇವತ್ತು ರಾತ್ರಿ ಸ್ವಿಚ್ ಆರಿಸಬೇಡಿ. ನಾಳೆ ಬೆಳಿಗ್ಗೆ ನೋಡಿ ಬರೆಯಿರಿ. ಗುಡುಗು ಇದ್ದರೆ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕಿ.

ದನಿಪೆಟ್ಟಿಗೆ

ಇಲ್ಲ, ಆರಿಸುತ್ತಿರಲಿಲ್ಲ. ಕಂಪ್ಯೂಟರ್ ಆಫ್ ಆಗಿದೆಯಲ್ಲ ಎಂದುಕೊಂಡಿದ್ದೆ. ಒಳಗೆ ವಿದ್ಯುತ್ ಇತ್ತೆಂದು ಈಗ ಓದಿ ಕೈ ತಣ್ಣಗಾಯಿತು.

ಮೊನ್ನೆ ರಾತ್ರಿ ಸ್ವಿಚ್ ಆರಿಸಲಿಲ್ಲ. ನಿನ್ನೆ ಬೆಳಿಗ್ಗೆ ಗುಂಡಿ ಒತ್ತಿದೆ: ಫ್ಯಾನ್ ನಿಲ್ಲಲಿಲ್ಲ, ಒಂದೇ ಸಲಕ್ಕೆ ವಿಂಡೋಸ್ ಬಂತು. ಒಂದು ದಿನ ನೋಡಿ ನಂಬಬಾರದೆಂದು ನಿನ್ನೆ ರಾತ್ರಿ ಬೇಕೆಂದೇ ಸ್ವಿಚ್ ಆರಿಸಿದೆ. ಇವತ್ತು ಬೆಳಿಗ್ಗೆ ಎರಡು ಸೆಕೆಂಡು ತಿರುಗಿ ನಿಂತಿತು, ಅದೇ ಕಪ್ಪು ಪರದೆ. ಡಿಲೀಟ್ ಕೀಲಿ ಒತ್ತಿ ಸೆಟಪ್ ಒಳಗೆ ಹೋದೆ. ಅಲ್ಲಿ ದಿನಾಂಕ 1 ಜನವರಿ 2013, ಸಮಯ 00:03. ಮೂರು ವಾರ ಇದೇ ಪರದೆಯಿಂದ ಒಂದು ಕೀಲಿಯ ದೂರದಲ್ಲಿದ್ದೆ.

ಡಿಸ್ಕುಗಳ ಸಾಲಿನಲ್ಲಿ ದೊಡ್ಡದೇ ಮೊದಲು, ನೀವು ಹೇಳಿದ ಹಾಗೆಯೇ. ಸೆಲ್ ಬದಲಿಸುವುದು ಹೇಗೆಂದು ಹೇಳುತ್ತೀರಾ? ಕೆಲವು ಬೋರ್ಡುಗಳು ತಾವೇ ಬಾಯಿಬಿಟ್ಟು ಹೇಳುತ್ತವೆ ಎಂದು ಕೇಳಿದ್ದೆ. ನನ್ನದು ಏಕೆ ಹೇಳಲಿಲ್ಲ?

ತಿರುಪುಳಿ

ಎರಡನೆಯ ರಾತ್ರಿ ಸ್ವಿಚ್ ಆರಿಸಿ ನೋಡಿದ್ದು ಬಹಳ ಒಳ್ಳೆಯ ಕೆಲಸ. ದೋಷವನ್ನು ಬೇಕೆಂದಾಗ ಬರಿಸಲು ಸಾಧ್ಯವಾದರೆ ಅದು ಸಿಕ್ಕಿಬಿದ್ದಂತೆ.

ಗಡಿಯಾರ ತಪ್ಪಿದೆ, ಎಫ್1 ಒತ್ತಿ ಎಂದು ನಿಲ್ಲುವ ಬೋರ್ಡುಗಳಿವೆ. ಕೆಲವು ಏನೂ ಹೇಳದೆ ಮೂಲ ಸೆಟ್ಟಿಂಗಿಗೆ ಮರಳುತ್ತವೆ. ನಿಮ್ಮದು ಆ ಜಾತಿಯದು.

ಸೆಲ್ ತೆಗೆಯುವ ಮೊದಲು ಸೆಟಪ್‌ನ ಪುಟಗಳ ಫೋಟೊ ತೆಗೆದುಕೊಳ್ಳಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿ, ತಂತಿಯನ್ನೇ ಕಿತ್ತು, ಯಂತ್ರದ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಇಳಿಯಲಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ ಹೋಗುತ್ತದೆ. ಸೆಲ್ಲಿನ ಅಂಚಿನಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಅದನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಸೆಲ್ ತಾನಾಗಿ ಮೇಲೇಳುತ್ತದೆ. ಕಬ್ಬಿಣದ ಚಿಮಟದಿಂದ ಮೀಟಬೇಡಿ, ಬೋರ್ಡಿನ ಗೆರೆಗಳು ಕಿತ್ತುಹೋಗುತ್ತವೆ. ಹೊಸದನ್ನು + ಗುರುತು ಮೇಲೆ ಬರುವಂತೆ ಒತ್ತಿ, ಟಕ್ ಎಂದು ಕೂರಬೇಕು. 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನೋಡಲು ಅದೇ ಅಗಲವಿರುವ 2025 ತೆಳುವಾದದ್ದು, ಅದನ್ನು ತರಬೇಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಒಂದು ಕ್ಷಣವೂ ಬಿಡಬೇಡಿ. ನುಂಗಿದರೆ ಅನ್ನನಾಳವನ್ನು ಎರಡೇ ಗಂಟೆಯೊಳಗೆ ಸುಡಬಲ್ಲದು, ಸೊರಗಿದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಎರಡೂ ಮುಖಕ್ಕೆ ಟೇಪ್ ಸುತ್ತಿ ಎತ್ತಿಡಿ.

ಪೆಟ್ಟಿಗೆ ತೆರೆದೇ ಇರುವಾಗ ಮತ್ತೊಂದು ಕೆಲಸ: ಎರಡು ಡಿಸ್ಕುಗಳ ಕೇಬಲನ್ನು ಬೋರ್ಡಿನ ತುದಿಯಲ್ಲಿ ಅದಲುಬದಲು ಮಾಡಿ, ಎಸ್‌ಎಸ್‌ಡಿ ಮೊದಲ ಕಿಂಡಿಗೆ ಬರಲಿ. ಮುಂದೆ ಎಂದಾದರೂ ಸೆಲ್ ಸತ್ತರೂ ಯಂತ್ರ ಏಳುತ್ತದೆ.

ಬೆಸುಗೆ

ತಿರುಪುಳಿ ಅವರು ಹೇಳಿದ್ದೇ ಸರಿ. ಆ ಎರಡು ಸೆಕೆಂಡು ನನ್ನನ್ನು ದಾರಿ ತಪ್ಪಿಸಿತು. ಪವರ್ ಸಪ್ಲೈ ಮಾತ್ರ ಕಾರಣವಾಗಿದ್ದರೆ ಸ್ವಿಚ್ ಆರಿಸಿದ ಬೆಳಿಗ್ಗೆ ದಿನಾಂಕ 2013ಕ್ಕೆ ಹೋಗಲು ಕಾರಣವಿಲ್ಲ. ದಿನಾಂಕವನ್ನು ನಾನು ಮೊದಲೇ ಕೇಳಬೇಕಿತ್ತು.

ದನಿಪೆಟ್ಟಿಗೆ

ಹಳೆಯ ಸೆಲ್ಲನ್ನು ಅಳೆದೆ: 2.41 ವೋಲ್ಟ್. ಹೊಸದು 3.22. ನಾಲಿಗೆ ಸರಿಸಲು ಮೊದಲು ಹೆದರಿದೆ, ಆಮೇಲೆ ಉಗುರಿಗೇ ಬಂತು. ಕೇಬಲ್ ಅದಲುಬದಲು ಮಾಡಿದೆ, ದಿನಾಂಕ ಹೊಂದಿಸಿದೆ, ಎಫ್10 ಒತ್ತಿ ಉಳಿಸಿದೆ.

ಐದು ರಾತ್ರಿ ಸ್ವಿಚ್ ಆರಿಸಿ ಮಲಗಿದ್ದೇನೆ. ಐದು ಬೆಳಿಗ್ಗೆಯೂ ಒಂದೇ ಸಲಕ್ಕೆ ಎದ್ದಿದೆ, ಜಾಲತಾಣಗಳೂ ಕೂಡಲೇ ತೆರೆಯುತ್ತಿವೆ. ನಕಲು ಮಾಡಿದ ಡಿಸ್ಕನ್ನು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ, ಕಡತಪಾಲಕ ಅವರ ಮಾತು ಅಷ್ಟು ನಾಟಿತು.

ತಗಡನ್ನು ಇವತ್ತು ಹಾಕಿದೆ, ನಾಲ್ಕೂ ತಿರುಪಿನೊಂದಿಗೆ. ತಗಡಿಲ್ಲದಾಗ ಫ್ಯಾನಿನ ಸದ್ದು ಮೈಕಿನೊಳಗೆ ಬರುತ್ತಿದ್ದುದರಿಂದ ಮೂರು ವಾರ ಒಂದು ಅಧ್ಯಾಯವನ್ನೂ ಓದಿರಲಿಲ್ಲ. ಹತ್ತನೆಯ ತರಗತಿಯ ವಿಜ್ಞಾನದ ಏಳನೆಯ ಪಾಠ ಅರ್ಧಕ್ಕೆ ನಿಂತಿತ್ತು. ಈಗ ಅಲ್ಲಿಂದಲೇ ಓದಲು ಕೂರುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.