ಪದಚರ್ಚೆ: ‘ಹಾರ್ಮೋನಿಕಾ ಆರ್ಕೆಸ್ಟ್ರಾ’ಗೆ ಏನನ್ನೋಣ? (ತುರ್ತು)

ಗೆಳೆಯರೇ, ಒಂದು ಕರಪತ್ರದ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹನ್ನೆರಡು ಜನ ಬರೀ ಮೌತ್ ಆರ್ಗನ್ (ಅದೇ ಹಾರ್ಮೋನಿಕಾ) ಹಿಡಿದು ಮೊಜಾರ್ಟ್‌ನ 40ನೇ ಸಿಂಫನಿ ನುಡಿಸುತ್ತಾರೆ. ಪಿಟೀಲಿನ ಭಾಗ ಅರ್ಧ ಸ್ವರಕ್ಕೆ ಗುಂಡಿ ಇರುವ ಕ್ರೊಮ್ಯಾಟಿಕ್‌ಗೆ, ತಳದ ಸ್ವರಗಳು ಬಾಸ್ ಹಾರ್ಮೋನಿಕಾಗೆ, ನಡುವೆ ತುಂಬಿಕೊಡೋಕೆ ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಹಾರ್ಮೋನಿಕಾ. ‘ಆರ್ಕೆಸ್ಟ್ರಾ’ ಅಂದರೆ ಜನ ಸಿನಿಮಾ ಹಾಡು ಅಂದುಕೊಳ್ಳುತ್ತಾರೆ. ‘ಕಾರ್ಡ್’ ಅಂದರೆ ಇಸ್ಪೀಟು! ಏನು ಮಾಡಲಿ?

---

‘ಊದುಪೆಟ್ಟಿಗೆ ಕೂಟ’. ಆಡು–ಆಟ, ಓಡು–ಓಟ, ಕೂಡು–ಕೂಟ. ಕಾರ್ಡಿಗೆ ‘ದನಿಗೊಂಚಲು’. ನಮ್ಮಲ್ಲೇ ಪದ ಇರುವಾಗ ಸಂಸ್ಕೃತ, ಇಂಗ್ಲಿಷ್ ಯಾಕೆ?

---

> ಊದುಪೆಟ್ಟಿಗೆ

ಸರ್, ನೀವು ಇದನ್ನು ಒಮ್ಮೆಯಾದರೂ ಬಾಯಿಗಿಟ್ಟಿದ್ದೀರಾ? ಒಂದೇ ತೂತಿನಲ್ಲಿ ಊದಿದರೆ ಒಂದು ಸ್ವರ, ಉಸಿರು ಎಳೆದರೆ ಇನ್ನೊಂದು. ಕ್ರೊಮ್ಯಾಟಿಕ್‌ನಲ್ಲಿ ಗುಂಡಿ ಒತ್ತಿದರೆ ಎರಡೂ ಅರ್ಧ ಸ್ವರ ಮೇಲೆ. ಅದಕ್ಕೇ 12 ತೂತಿಗೆ 48 ರೀಡು (ಅದುರಿ ಸ್ವರ ಕೊಡುವ ಪಟ್ಟಿ). ಇದೇ 40ನೇ ಸಿಂಫನಿಯನ್ನೇ ನೋಡಿ. ಪಿಟೀಲು ಶುರುವಾಗುವುದು ಇ ಫ್ಲ್ಯಾಟ್, ಡಿ, ಡಿ ಅಂತ. ಅದೇ ತುಣುಕು ಮೂರು ಸಲ, ಆಮೇಲೆ ಮೇಲಿನ ಬಿ ಫ್ಲ್ಯಾಟ್. ಸಿ ಶ್ರುತಿಯ ಕ್ರೊಮ್ಯಾಟಿಕ್‌ನಲ್ಲಿ ಈ ಹತ್ತೂ ಸ್ವರ ಬರುವುದು ಉಸಿರು ಎಳೆದಾಗಲೇ. ಬೆರಳು ಗುಂಡಿಯನ್ನು ಒತ್ತುತ್ತೆ, ಬಿಡುತ್ತೆ, ಅಷ್ಟೇ. ಒಂದು ಸಲವೂ ಊದೋದಿಲ್ಲ! ನೀವು ಕೊಟ್ಟ ಹೆಸರು ಬಾಸ್ ಹಾರ್ಮೋನಿಕಾಗೆ ಮಾತ್ರ ಹೊಂದುತ್ತೆ. ಅದನ್ನು ಬರೀ ಊದೋದು.

‘ನುಡಿಸು’ ಇದೆಯಲ್ಲ, ಊದೋದಕ್ಕೂ ಎಳೆಯೋದಕ್ಕೂ ಸಾಕು.

---

ಇನ್ನೊಂದು. ‘ದನಿ’ ಅಚ್ಚಗನ್ನಡವಂತೆ! ‘ಧ್ವನಿ’ಯ ತದ್ಭವ ಅದು.

---

ತದ್ಭವ ಅಂದರೆ ನಮ್ಮ ನಾಲಿಗೆಗೆ ಒಗ್ಗಿದ್ದು. ‘ಹಾರ್ಮೋನಿಕಾ’ ಒಗ್ಗಿದೆಯಾ?

---

ಫಿಡಲ್ ಬಂದು ಪಿಟೀಲು ಆಯ್ತು. ಯಾರೂ ಸಭೆ ಸೇರಿ ತೀರ್ಮಾನ ಮಾಡಲಿಲ್ಲ, ಅಲ್ವಾ? ‘ಮೌತ್ ಆರ್ಗನ್’ ಮಕ್ಕಳ ಬಾಯಲ್ಲೂ ಇದೆ. ಅದನ್ನು ಕಿತ್ತು ಪೆಟ್ಟಿಗೆ ಕೊಡೋದು ಯಾವ ಕನ್ನಡ ಸೇವೆ?

---

ಹೀಗೆ ಅಂದುಕೊಂಡೇ ಅರ್ಧ ಕನ್ನಡ ಹೋಯ್ತು.

---

ಎಲ್ಲರಿಗೂ ಥ್ಯಾಂಕ್ಸ್. ‘ಮೌತ್ ಆರ್ಗನ್ ವಾದ್ಯವೃಂದ’ ಅಂತ ಕಳಿಸಿಬಿಟ್ಟೆ. ಕಾರ್ಡ್ ಹಾರ್ಮೋನಿಕಾ ಇದ್ದಲ್ಲಿ ‘ಮೂರು–ನಾಲ್ಕು ಸ್ವರ ಒಟ್ಟಿಗೆ ನುಡಿಯುವ ಉದ್ದನೆಯ ಮೌತ್ ಆರ್ಗನ್’ ಅಂತ ಬಿಡಿಸಿ ಬರೆದೆ. ಜಾಗ ಸ್ವಲ್ಪ ಜಾಸ್ತಿ ಹಿಡಿಯಿತು.

---

ಸಂಸ್ಕೃತ ಬೇಡ ಅಂದಿದ್ದೆನಲ್ಲ, ‘ವೃಂದ’ ಯಾಕೆ!