ಓಟವಿಲ್ಲದ ಹತ್ತನೇ ನಂಬರ್ ಹುಡುಗನನ್ನ ಎಲ್ಲಿ ಆಡಿಸೋದು? (ಅರ್ಜೆಂಟೀನಾದ ರಿಕೆಲ್ಮೆ ಆಟ ಗೊತ್ತಿರೋರು ಹೇಳಿ)

ಶಿರಾಗೇಟ್_11
ತುಮಕೂರಿನ ಕಾಲೇಜು ಫುಟ್ಬಾಲ್ ತಂಡದ ವಿಚಾರ. ಹತ್ತನೇ ನಂಬರ್, ಅಂದ್ರೆ ಫಾರ್ವರ್ಡ್‌ಗಳ ಹಿಂದೆ ನಿಂತು ಆಟ ಕಟ್ಟೋ ಒಬ್ಬ ಹುಡುಗ ಇದ್ದಾನೆ, ಮೂವತ್ತು ಮೀಟರ್ ಆಚೆ ಓಡ್ತಿರೋನ ಕಾಲಿಗೇ ಪಾಸ್ ಇಳಿಸ್ತಾನೆ. ಆದ್ರೆ ಓಟ ಇಲ್ಲ, ಚೆಂಡು ಹೋದ್ರೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾನೆ. ನಾವು ಆಡೋದು 4-4-2 (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು). ಎಡ ವಿಂಗಿಗೆ ಹಾಕಿದ್ರೆ ಆಟದಲ್ಲೇ ಇಲ್ಲದ ಹಾಗಾದ. ನಡುವಿನ ಇಬ್ಬರಲ್ಲಿ ಒಬ್ಬನಾಗಿ ಹಾಕಿದ್ರೆ ಎದುರು ತಂಡದೋರು ನಮ್ಮ ಮಧ್ಯದಲ್ಲೇ ರಸ್ತೆ ಮಾಡ್ಕೊಂಡ್ರು. ನೋಡಿದೋರೆಲ್ಲ ‘ರಿಕೆಲ್ಮೆ ಥರ’ ಅಂತಾರೆ. ಹಾಗಾದ್ರೆ ಅರ್ಜೆಂಟೀನಾದ ಬೋಕಾ ಕ್ಲಬ್‌ನಲ್ಲಿ ಮೆರೆದ ಆಸಾಮಿ ಬಾರ್ಸಿಲೋನಾದಲ್ಲಿ ಯಾಕೆ ನಿಲ್ಲಲಿಲ್ಲ? ನಮ್ಮ ಮೈದಾನ ರಾಗಿ ಕಣದ ಹಾಗೆ ಗಟ್ಟಿ, ಹುಲ್ಲು ಅಲ್ಲೊಂದು ಇಲ್ಲೊಂದು. ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ರಾಬರ್ಟ್‌ಸನ್‌ಪೇಟೆ_8
ನೀವು ಮಾಡಿದ ತಪ್ಪನ್ನೇ 2002ರಲ್ಲಿ ಬಾರ್ಸಿಲೋನಾ ಕೋಚ್ ವಾನ್ ಗಾಲ್ ಕೂಡ ಮಾಡಿದ್ರು, ಬೇಜಾರು ಮಾಡ್ಕೋಬೇಡಿ. ಬಾರ್ಸಿಲೋನಾಗೆ ಬಂದವನನ್ನ ಎಡಗಡೆ ಅಂಚಿಗೆ ತಳ್ಳಿದ್ರು. ರಿಕೆಲ್ಮೆಗೆ ಸುತ್ತ ನಾಲ್ಕೂ ಕಡೆ ಪಾಸ್ ಬೇಕು. ಗೆರೆ ಪಕ್ಕ ನಿಲ್ಲಿಸಿದ್ರೆ ಅರ್ಧ ಮೈದಾನವೇ ಇಲ್ಲ. 2003ರಲ್ಲಿ ಸಾಲದ ಮೇಲೆ ಸ್ಪೇನ್‌ನದೇ ಇನ್ನೊಂದು ಕ್ಲಬ್ ವಿಯ್ಯಾರಿಯಾಲ್‌ಗೆ ಹೋದ. ಅಲ್ಲಿ ಹೆಸರಿಗೆ ಅಂಚಿನಿಂದ ಶುರು ಮಾಡಿದ್ರೂ ಒಳಗೆ ಬರೋ ಸ್ವಾತಂತ್ರ್ಯ ಇತ್ತು, ಹಿಂದೆ ಮಾರ್ಕೊಸ್ ಸೆನ್ನಾ ಥರದ ಕಾವಲು ಇತ್ತು. 2004-05ರಲ್ಲಿ ಆ ಸಣ್ಣ ಊರಿನ ತಂಡ ಸ್ಪೇನ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು.

ಬೋಕಾದಲ್ಲಿ ಕೋಚ್ ಬಿಯಾಂಕಿ ಹಾಕಿದ ಆಕಾರವೇ ನಿಮಗೆ ಉತ್ತರ: 4-3-1-2. ಆ ‘1’ ರಿಕೆಲ್ಮೆ. ಹಿಂದೆ ಸೆರ್ನಾ, ಬಟಾಗ್ಲಿಯಾ, ಬಸುವಾಲ್ಡೊ. ಮೂವರೂ ಓಡೋರು, ಚೆಂಡು ಕಿತ್ಕೊಳ್ಳೋರು. ಮುಂದೆ ಪಲೆರ್ಮೊ, ಡೆಲ್ಗಾಡೊ. 2000ದ ನವೆಂಬರ್‌ನಲ್ಲಿ ಟೋಕಿಯೋದ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ 2-1ರಿಂದ ಸೋಲಿಸಿದ್ದು ಇದೇ ತಂಡ. ಎರಡನೇ ಗೋಲಿಗೆ ಇವನು ತನ್ನ ಅರ್ಧದಿಂದಲೇ ಉದ್ದ ಪಾಸ್ ಕೊಟ್ಟ, ಪಲೆರ್ಮೊ ಅಟ್ಟಿಸಿಕೊಂಡು ಹೋಗಿ ಹೊಡೆದ. ಓಡಿದ್ದು ಯಾರು ನೋಡಿ.

ಅಂದ್ರೆ ಪ್ರಶ್ನೆ ಹುಡುಗನದ್ದಲ್ಲ. ಅವನ ಪಾಲಿನ ಓಟ ಓಡೋಕೆ ಮೂವರು ಇದ್ದಾರಾ? ಇಲ್ಲ ಅಂದ್ರೆ ಈ ಆಕಾರಕ್ಕೆ ಕೈ ಹಾಕಬೇಡಿ.

ನಂದಿ_ತಪ್ಪಲು
ಆಕಾರ ಸರಿ. ಆದ್ರೆ ಹುಡುಗ ರಿಕೆಲ್ಮೆ ಥರ ‘ನಿಂತ್ಕೊಳ್ಳೋದನ್ನ’ ಮಾತ್ರ ಕಲಿತಿರ್ತಾನೆ, ಅಲ್ಲೇ ಕೆಡೋದು.

2000ದ ಲಿಬರ್ಟಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್) ಕ್ವಾರ್ಟರ್ ಫೈನಲ್, ರಿವರ್ ಪ್ಲೇಟ್ ವಿರುದ್ಧ ರಿಕೆಲ್ಮೆಯ ಆ ತುಣುಕು ನಿಧಾನಕ್ಕೆ ಓಡಿಸಿ ನೋಡಿ. ಗೆರೆ ಪಕ್ಕ ಚೆಂಡು, ಮುಖ ತನ್ನ ಗೋಲಿನ ಕಡೆ, ಬೆನ್ನಿಗೆ ರಿವರ್ ಡಿಫೆಂಡರ್ ಯೆಪೆಸ್ ಅಂಟಿಕೊಂಡಿದ್ದಾನೆ. ಪಾದದ ತಳದಿಂದ ಚೆಂಡನ್ನ ಹಿಂದಕ್ಕೆ ಎಳೆದು ಯೆಪೆಸ್ ಕಾಲ ಸಂದಿಯಲ್ಲಿ ತೂರಿಸ್ತಾನೆ, ತಾನು ಸುತ್ತಿಕೊಂಡು ಆಚೆ ಹೋಗ್ತಾನೆ. ಓಟ ಎಲ್ಲಿದೆ ಅದರಲ್ಲಿ? ಬೆನ್ನಿನ ಮೇಲೆ ಬೀಳೋ ಭಾರದಿಂದಲೇ ಹಿಂದಿರೋನ ಕಾಲು ಎಲ್ಲಿದೆ ಅಂತ ಗೊತ್ತು ಮಾಡ್ಕೊಂಡಿದ್ದಾನೆ.

ಇದನ್ನ ಕಲಿಸೋಕೆ 10 ಮೀಟರ್ ಚೌಕ ಹಾಕಿ. ನಾಲ್ಕು ಅಂಚಲ್ಲಿ ನಾಲ್ವರು, ನಡುವೆ ನಿಮ್ಮ ಹುಡುಗ, ಅವನ ಬೆನ್ನಿಗೆ ಒಬ್ಬ ಡಿಫೆಂಡರ್. ಚೆಂಡು ಬರೋ ಮೊದಲು ಅವನ ಹಿಂದಿನ ಅಂಚಲ್ಲಿ ಇರೋನು ಬೆರಳೆತ್ತಬೇಕು, ಎಷ್ಟು ಬೆರಳು ಅಂತ ಇವನು ಕೂಗಿ ಹೇಳಬೇಕು. ಹೇಳದಿದ್ರೆ ಆ ಚೆಂಡು ಲೆಕ್ಕಕ್ಕಿಲ್ಲ. ಡಿಫೆಂಡರ್‌ನಿಂದ ದೂರದ ಕಾಲಲ್ಲಿ ಚೆಂಡು ತಗೋಬೇಕು, ಮಂಡಿ ಬಾಗಿರಬೇಕು. ಎರಡು ನಿಮಿಷ ಆಟ, ಒಂದು ನಿಮಿಷ ಬಿಡುವು, ಐದು ಸುತ್ತು ಸಾಕು.

ಗಟ್ಟಿ ನೆಲಕ್ಕೆ ಚೆಂಡಿನ ಗಾಳಿ ನೋಡ್ಕೊಳ್ಳಿ. ನಿಯಮದಲ್ಲಿ 8.5ರಿಂದ 15.6 ಪಿಎಸ್‌ಐವರೆಗೆ ಅವಕಾಶ ಇದೆ. ಸೈಕಲ್ ಅಂಗಡಿಯಲ್ಲಿ ಕಲ್ಲಾಗೋವರೆಗೂ ಹೊಡೆಸಿದ್ರೆ ಆ ನೆಲದಲ್ಲಿ ದೇವರಿಗೂ ಚೆಂಡು ನಿಲ್ಲಲ್ಲ. ಗೇಜ್ ಇಟ್ಟು 9ರ ಹತ್ತಿರ ಇರಲಿ. ಥ್ರೂ ಪಾಸ್ ಕೂಡ ಜಾಗಕ್ಕೆ ಜೋರಾಗಿ ಬೇಡ, ಜಾರಿಕೊಂಡು ಗೋಲ್‌ಕೀಪರ್ ಕೈಗೇ ಹೋಗುತ್ತೆ. ಕಾಲಿಗೆ ಕೊಡಲಿ, ಇಲ್ಲಾಂದ್ರೆ ಚೆಂಡಿನ ಬುಡಕ್ಕೆ ಕುಕ್ಕಿ ಎತ್ತಿ ಹಾಕಲಿ, ಬಿದ್ದ ಕಡೆ ತಡೆಯುತ್ತೆ.

ಶಿರಾಗೇಟ್_11
ಓಡೋ ಮೂವರು ಇದ್ದಾರೆ. ಆದ್ರೆ ಎದುರಿನೋರು ಅವನ ಹಿಂದೆ ಒಬ್ಬನನ್ನೇ ಬಿಟ್ರೆ? ಚೆಂಡು ಇಲ್ಲದಾಗ ಅವನು ಏನು ಮಾಡಬೇಕು?

ರಾಬರ್ಟ್‌ಸನ್‌ಪೇಟೆ_8
ಒಬ್ಬ ಅಂಟಿಕೊಂಡ್ರೆ ಅವನನ್ನ ಗೆರೆ ಕಡೆ ಎಳ್ಕೊಂಡು ಹೋಗಲಿ. ಖಾಲಿಯಾದ ನಡುಜಾಗಕ್ಕೆ ಮೂವರಲ್ಲಿ ಒಬ್ಬ ನುಗ್ಗಲಿ. 2006ರ ವಿಶ್ವಕಪ್‌ನಲ್ಲಿ ರಿಕೆಲ್ಮೆಯ ಅರ್ಜೆಂಟೀನಾದಿಂದ ಸರ್ಬಿಯಾ-ಮಾಂಟೆನೆಗ್ರೊಗೆ 6-0 ಬಿದ್ದಾಗ ಎರಡನೇ ಗೋಲು ಹೊಡೆದದ್ದು ಕಂಬಿಯಾಸೊ, ಹಿಂದಿನ ಸಾಲಿನೋನು. ಇಪ್ಪತ್ತಕ್ಕೂ ಹೆಚ್ಚು ಪಾಸ್ ಆದ ಮೇಲೆ ಕ್ರೆಸ್ಪೊ ಹಿಮ್ಮಡಿಯಲ್ಲಿ ಬಿಟ್ಟುಕೊಟ್ಟ ಚೆಂಡದು.

ಚೆಂಡು ಇಲ್ಲದಾಗ ಅಟ್ಟಾಡಿಸೋದು ಬೇಡ. ಎದುರಿನ ತಂಡದ ಹಿಂಬದಿ ಮಿಡ್‌ಫೀಲ್ಡರ್‌ಗೆ ಪಾಸ್ ಹೋಗದ ಹಾಗೆ ಐದಾರು ಹೆಜ್ಜೆ ಆಚೀಚೆ ಸರಿದ್ರೆ ಸಾಕು. ಸೊಂಟದ ಮೇಲೆ ಕೈ ಇಟ್ರೂ ಪರವಾಗಿಲ್ಲ, ನಿಂತ ಜಾಗ ಸರಿ ಇರಲಿ. ಈ ಆಕಾರದಲ್ಲಿ ಅಂಚು ಖಾಲಿ ಇರುತ್ತೆ. ನಿಮ್ಮ ಬ್ಯಾಕ್‌ಗಳು ಮೇಲೆ ಹೋದಾಗ ಮೂವರ ಸಾಲು ಆ ಕಡೆ ಸರಿಯದಿದ್ರೆ ಗೋಲು ಅಲ್ಲಿಂದಲೇ ಬರುತ್ತೆ.

ಗೌರಿಬಿದನೂರು_ಗೋಲಿ
ಎಲ್ಲಾನೂ ಒಬ್ಬನ ಕೈಗೆ ಕೊಡಬೇಡಿ ಅಂತ ನನ್ನ ವಾದ. 2006ರ ಏಪ್ರಿಲ್, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ, ಕೊನೇ ನಿಮಿಷಗಳಲ್ಲಿ ಪೆನಾಲ್ಟಿ. ಹೊಡೆದವನು ರಿಕೆಲ್ಮೆ, ಆರ್ಸೆನಲ್ ಗೋಲ್‌ಕೀಪರ್ ಲೆಮನ್ ತಡೆದ. ವಿಯ್ಯಾರಿಯಾಲ್ ಮನೆಗೆ. ಫ್ರೀ ಕಿಕ್, ಕಾರ್ನರ್, ಪೆನಾಲ್ಟಿ ಮೂರೂ ನಿಮ್ಮ ಹುಡುಗನಿಗೇ ಯಾಕೆ? ಪೆನಾಲ್ಟಿಗೆ ಬೇರೆಯವನನ್ನ ಹೇಳಿಡಿ.

ರಾಬರ್ಟ್‌ಸನ್‌ಪೇಟೆ_8
ಪೆನಾಲ್ಟಿ ಒಪ್ತೀನಿ, ಉಳಿದದ್ದು ಒಪ್ಪಲ್ಲ. ಅದೇ ವರ್ಷ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಅರ್ಜೆಂಟೀನಾದ ಕ್ವಾರ್ಟರ್ ಫೈನಲ್ ತಗೊಳ್ಳಿ. ಅಯಾಲಾ ತಲೆಯಲ್ಲಿ ಹೊಡೆದ ಗೋಲಿಗೆ ಕಾರ್ನರ್ ರಿಕೆಲ್ಮೆಯದ್ದು. 72ನೇ ನಿಮಿಷಕ್ಕೆ ಕೋಚ್ ಪೆಕರ್‌ಮನ್ ಇವನನ್ನ ಹೊರಗೆ ಕರೆದು ಕಂಬಿಯಾಸೊನ ಹಾಕಿದ್ರು, 80ಕ್ಕೆ ಜರ್ಮನಿಯ ಕ್ಲೋಸ ಸಮ ಮಾಡಿದ, ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಹೊರಗೆ. ಹೊರಗೆ ಕರೆದದ್ದೇ ಕಾರಣ ಅಂತ ಹೇಳೋದು ಅತಿಯಾಯ್ತು, ಆದ್ರೆ ಮುನ್ನಡೆಯಲ್ಲಿದ್ದಾಗ ಚೆಂಡು ಹಿಡಿದಿಡೋನು ಆ ಮೇಲೆ ಮೈದಾನದಲ್ಲಿ ಇರಲಿಲ್ಲ. ನೀವು ಗೆಲ್ತಿರುವಾಗ ಹುಡುಗ ಸುಸ್ತಾದ ಅಂತ ಅನ್ಸಿದ್ರೆ ಮೊದಲು ಒಬ್ಬ ಫಾರ್ವರ್ಡ್‌ನ ಹೊರಗೆ ಕರೆದು, ನಾಲ್ಕನೇ ಓಟಗಾರನನ್ನ ಹಾಕಿ. ಹುಡುಗನನ್ನೇ ಹೊರಗೆ ಕರೀಲೇಬೇಕು ಅಂದ್ರೆ ಕಾರ್ನರ್ ಯಾರು ಹೊಡೀತಾರೆ ಅಂತ ಪಂದ್ಯಕ್ಕೆ ಮುಂಚೆನೇ ಬರೆದಿಡಿ.

ಶಿರಾಗೇಟ್_11
ಸರಿ, ಭಾನುವಾರ 4-3-1-2. ಪೆನಾಲ್ಟಿನ ಸ್ಟಾಪರ್‌ಗೆ (ನಡು ಡಿಫೆಂಡರ್‌ಗೆ) ಕೊಟ್ಟೆ. ಮೇಲೆ ಹೋಗಿ ವಾಪಸ್ ಬರೋ ಎಡ ಬ್ಯಾಕ್ ಯಾರು ಅನ್ನೋದೇ ಈಗ ಉಳಿದಿರೋ ತಲೆನೋವು.